ತೋಳಮನುಷ್ಯನಿಗೆ ಒಂದು ಬೆಳಗು ಬೇಕು

ಸಿನಿಮಾ ಇಷ್ಟ ಆಗಲಿಲ್ಲ ಅನ್ನುವವರು ಬಾಯಲ್ಲಿ ಹೇಳುವ ಕಾರಣ ಒಂದಿರುತ್ತದೆ, ಮನಸ್ಸಿಗೆ ನಿಜವಾಗಿ ಚುಚ್ಚಿದ್ದು ಇನ್ನೊಂದಿರುತ್ತದೆ. ಲೀ ವನೆಲ್ ನಿರ್ದೇಶಿಸಿದ 'ವುಲ್ಫ್ ಮ್ಯಾನ್' 2025ರ ಜನವರಿಯಲ್ಲಿ ಬಂದಾಗಿನಿಂದ ಈ ಮಾತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. ನೋಡಿ ಬಂದವರನ್ನೆಲ್ಲ ಹೇಗಿತ್ತು ಅಂತ ಕೇಳಿದೆ. "ಅದು ತೋಳದ ಥರಾನೇ ಇಲ್ಲ, ಕಾಯಿಲೆ ಬಿದ್ದು ಕೂದಲು ಉದುರಿದ ಮನುಷ್ಯ ಇದ್ದ ಹಾಗಿದೆ" ಅಂದವರೇ ಜಾಸ್ತಿ. "ಬರೀ ಕತ್ತಲು, ಒಂದೂ ಕಾಣಲ್ಲ" ಅಂದರು ಕೆಲವರು. "ಹುಣ್ಣಿಮೆ ಇಲ್ಲ, ಬೆಳ್ಳಿ ಗುಂಡು ಇಲ್ಲ, ಇದ್ಯಾವ ಸೀಮೆ ವೇರ್‌ವುಲ್ಫ್?" ಅಂತ ಒಬ್ಬರು ಸಿಟ್ಟೇ ಮಾಡಿಕೊಂಡರು. ವೇರ್‌ವುಲ್ಫ್ ಅಂದರೆ ತೋಳವಾಗುವ ಮನುಷ್ಯ; ಸಿನಿಮಾಗಳಲ್ಲಿ ಸಾಮಾನ್ಯವಾಗಿ ಹುಣ್ಣಿಮೆಗೆ ತೋಳವಾಗುತ್ತಾನೆ, ಬೆಳ್ಳಿಯಿಂದ ಸಾಯುತ್ತಾನೆ. ಇನ್ನೊಬ್ಬರು "ಏನೋ ಮಿಸ್ಸಿಂಗ್ ಕಣ್ರೀ" ಅಂದವರು, ಏನು ಅಂತ ಕೇಳಿದರೆ ಹೇಳಲಾಗದೆ ಸುಮ್ಮನಾದರು. ಅಮೆರಿಕದಲ್ಲಿ ಸಿನಿಮಾ ಬಿಡುಗಡೆಯಾದ ದಿನವೇ ಚಿತ್ರಮಂದಿರಕ್ಕೆ ಬಂದ ಪ್ರೇಕ್ಷಕರಿಂದ ಅಂಕ ಹಾಕಿಸಿಕೊಳ್ಳುವ ಸಿನಿಮಾಸ್ಕೋರ್ ಅನ್ನುವ ಸಂಸ್ಥೆ ಇದೆ. ಅಲ್ಲಿ ಈ ಚಿತ್ರಕ್ಕೆ ಸಿಕ್ಕಿದ್ದು 'ಸಿ ಮೈನಸ್'. ಇದೇ ನಿರ್ದೇಶಕರ 2020ರ 'ದಿ ಇನ್ವಿಸಿಬಲ್ ಮ್ಯಾನ್' ಚಿತ್ರಕ್ಕೆ 'ಬಿ ಪ್ಲಸ್' ಸಿಕ್ಕಿತ್ತು. ಹಾರರ್ ಸಿನಿಮಾಗಳಿಗೆ ಅಲ್ಲಿ ಯಾವಾಗಲೂ ಅಂಕ ಸ್ವಲ್ಪ ಕಮ್ಮಿಯೇ. ಆದರೂ ಒಬ್ಬರೇ ನಿರ್ದೇಶಕರ ಎರಡು ಚಿತ್ರಗಳ ನಡುವೆ ಇಷ್ಟು ದೂರ ಅಂದರೆ ಜನರಿಗೆ ಎಲ್ಲೋ ಏನೋ ಕೊರತೆ ಕಂಡಿದೆ ಅಂತಲೇ ಅರ್ಥ.

ಇಷ್ಟಪಟ್ಟವರೂ ಇದ್ದಾರೆ. ನನ್ನ ಅಕ್ಕ ಅವರಲ್ಲಿ ಒಬ್ಬಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ಚಿತ್ರ ಮುಗಿದು ದೀಪ ಹತ್ತಿದಾಗ ನಮ್ಮ ಹಿಂದಿನ ಸಾಲಿನಲ್ಲಿ ಯಾರೋ "ತೋಳ ಎಲ್ಲಪ್ಪಾ ಬಂತು?" ಅಂದರು. ಸುತ್ತ ಇದ್ದವರು ನಕ್ಕರು. ಅಕ್ಕ ಮಾತ್ರ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಕ್ಕ ಸೂಕ್ಷ್ಮ, ಹಿಂದಿನವರು ಒರಟು ಅಂತ ಹೇಳಿ ಮುಗಿಸುವುದು ಸುಲಭ. ಆದರೆ ಸಿನಿಮಾ ಹಿಡಿಸದವರನ್ನೆಲ್ಲ "ಅವರಿಗೆ ಅರ್ಥವಾಗಲಿಲ್ಲ" ಅಂತ ತಳ್ಳಿಹಾಕುವುದು ನನಗೆ ಸರಿಕಾಣುವುದಿಲ್ಲ. ದುಡ್ಡು ಕೊಟ್ಟು, ಕತ್ತಲಲ್ಲಿ ಕೂತು, ಹೆದರೋಣ ಅಂತ ಮನಸ್ಸು ಮಾಡಿ ಬಂದವರು ಅವರು. ಅವರ ಬೇಸರಕ್ಕೂ ಒಂದು ಬುದ್ಧಿ ಇರುತ್ತದೆ. ಅದೇನು ಅಂತ ಹುಡುಕುತ್ತಾ ಹಳೆಯ ಚಿತ್ರಗಳನ್ನು ಮತ್ತೆ ನೋಡಿದೆ. ಮುಂದೆ ಓದುವವರಿಗೆ ಒಂದು ಮಾತು: ಇಲ್ಲಿ ಹಲವು ಚಿತ್ರಗಳ ಕೊನೆ ಏನು ಅಂತ ಹೇಳಿಬಿಟ್ಟಿದ್ದೇನೆ. ಹೇಳದೆ ಈ ವಿಷಯ ಮಾತಾಡಲು ಆಗುವುದೇ ಇಲ್ಲ.

ಎಲ್ಲರೂ ಕಾಯುವ ಆ ಕೆಲವು ನಿಮಿಷ

ವೇರ್‌ವುಲ್ಫ್ ಸಿನಿಮಾಗೆ ಹೋಗುವವರು ಒಂದೇ ದೃಶ್ಯಕ್ಕೆ ಕಾಯುತ್ತಾರೆ. ಮನುಷ್ಯ ತೋಳವಾಗುವ ದೃಶ್ಯ. ಅದು ಚೆನ್ನಾಗಿದ್ದರೆ ಉಳಿದದ್ದನ್ನು ಕ್ಷಮಿಸುತ್ತಾರೆ, ಕೆಟ್ಟಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ. ರಕ್ತಪಿಶಾಚಿ, ದೆವ್ವ, ಜೋಂಬಿ ಯಾವುದಕ್ಕೂ ಈ ಪರೀಕ್ಷೆ ಇಲ್ಲ. ಇಲ್ಲಿ ಮಾತ್ರ ಒಂದು ದೇಹ ಇನ್ನೊಂದು ದೇಹವಾಗುವುದನ್ನು ನಮ್ಮ ಕಣ್ಣೆದುರಿಗೇ ತೋರಿಸು ಅಂತ ಕೇಳುತ್ತೇವೆ.

1981ರಲ್ಲಿ ಜಾನ್ ಲ್ಯಾಂಡಿಸ್ ಅವರ 'ಆನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್' ಆ ಕೇಳಿಕೆಗೆ ಕೊಟ್ಟ ಉತ್ತರ ಇವತ್ತಿಗೂ ಹಳತಾಗಿಲ್ಲ. ಡೇವಿಡ್ ಅನ್ನುವ ಹುಡುಗ ನರ್ಸ್ ಒಬ್ಬಳ ಮನೆಯಲ್ಲಿ ಒಬ್ಬನೇ ಇದ್ದಾನೆ. ದೀಪಗಳೆಲ್ಲ ಉರಿಯುತ್ತಿವೆ. ಇದ್ದಕ್ಕಿದ್ದ ಹಾಗೆ ಮೈ ಸುಡುತ್ತಿದೆ ಅಂತ ಕಿರುಚಿ ಬಟ್ಟೆ ಕಿತ್ತೆಸೆಯುತ್ತಾನೆ. ಅಂಗೈಯನ್ನು ಮುಖದ ಮುಂದೆ ಹಿಡಿದು ನೋಡುತ್ತಾನೆ. ನೋಡುತ್ತಿರುವಾಗಲೇ ಅದು ಉದ್ದವಾಗುತ್ತದೆ. ಬೆನ್ನುಮೂಳೆ ಚರ್ಮದ ಕೆಳಗೆ ಎದ್ದು ನಿಲ್ಲುತ್ತದೆ. ಕೊನೆಗೆ ಮುಖ ಮುಂದಕ್ಕೆ ಚಾಚಿಕೊಳ್ಳುತ್ತದೆ. ಹಿಂದೆ ಚಂದ್ರನ ಮೇಲಿನ ಒಂದು ಹಳೆಯ ಸಿಹಿ ಹಾಡು ಕೇಳಿಸುತ್ತಿರುತ್ತದೆ. ಮಂಜಿಲ್ಲ, ನೆರಳಿಲ್ಲ, ಕಂಬದ ಮರೆ ಇಲ್ಲ. ಮೇಕಪ್ ಮಾಡಿದ ರಿಕ್ ಬೇಕರ್ ಅವರಿಗೆ ಮೇಕಪ್ ವಿಭಾಗದ ಮೊದಲ ಆಸ್ಕರ್ ಬಂತು. ಅದೇ ವರ್ಷದ 'ದಿ ಹೌಲಿಂಗ್' ಚಿತ್ರದಲ್ಲಿ ರಾಬ್ ಬೊಟೀನ್ ಚರ್ಮದ ಕೆಳಗೆ ಗಾಳಿ ಚೀಲಗಳನ್ನು ಇಟ್ಟು ಉಬ್ಬಿಸಿ ಇನ್ನೊಂದು ಥರದ ರೂಪಾಂತರ ತೋರಿಸಿದರು. ಈ ಎರಡು ಚಿತ್ರಗಳ ನಂತರ ಪ್ರೇಕ್ಷಕರ ಅಳತೆಗೋಲೇ ಬದಲಾಯಿತು. ಆಮೇಲೆ ಬಂದ ಪ್ರತಿಯೊಂದು ತೋಳವೂ 1981ರ ಜೊತೆ ಹೋಲಿಸಿಕೊಂಡೇ ನಿಲ್ಲಬೇಕಾಯಿತು.

2010ರಲ್ಲಿ ಬಂದ 'ದಿ ವುಲ್ಫ್‌ಮ್ಯಾನ್' ಚಿತ್ರಕ್ಕೂ ಬೇಕರ್ ಅವರೇ ಕೆಲಸ ಮಾಡಿದರು, ಅದಕ್ಕೂ ಆಸ್ಕರ್ ಬಂತು. ಆದರೆ ಮನುಷ್ಯ ತೋಳವಾಗುವ ಆ ಹೊತ್ತನ್ನು ಮಾತ್ರ ಕಂಪ್ಯೂಟರ್‌ಗೆ ಬಿಟ್ಟಿದ್ದರು. ಚಿತ್ರ ಹಾಕಿದ ದುಡ್ಡನ್ನೂ ದುಡಿಯಲಿಲ್ಲ. ಪ್ರೇಕ್ಷಕರಿಗೆ ತಂತ್ರದ ವಿವರ ಗೊತ್ತಿರಬೇಕಿಲ್ಲ. ಮೂಳೆ ಮುರಿಯುವಾಗ ಅಲ್ಲಿ ನಿಜವಾಗಿ ಒಂದು ವಸ್ತು ಇತ್ತೋ ಇಲ್ಲವೋ ಅನ್ನುವುದು ಅವರ ಕಣ್ಣಿಗೆ ಹೇಗೋ ತಿಳಿಯುತ್ತದೆ.

ಹಾಗಾದರೆ 2025ರ ಚಿತ್ರದ ಮೇಲಿನ ದೂರು ಮೇಕಪ್‌ನದ್ದೇ? ನನಗೆ ಹಾಗನ್ನಿಸುವುದಿಲ್ಲ. ಅದರಲ್ಲಿ ಕೈಯಿಂದ ಮಾಡಿದ ಮೇಕಪ್ ಇದೆ, ಮೈ ಜುಮ್ಮೆನ್ನಿಸುವ ಹಾಗೇ ಇದೆ. ಹಲ್ಲು ಉದುರುತ್ತದೆ, ಉಗುರು ಬಿಡುತ್ತದೆ, ಗಾಯ ಆದ ತೋಳನ್ನು ಅವನೇ ಕಚ್ಚಿ ಕಚ್ಚಿ ತಿನ್ನುತ್ತಾನೆ. ಇನ್ನು "ತೋಳದ ಥರ ಇಲ್ಲ" ಅನ್ನುವ ಮಾತು. ಸರಿಯಾಗಿ ನೋಡಿದರೆ ಎಲ್ಲರೂ ಕೊಂಡಾಡುವ 1941ರ 'ದಿ ವುಲ್ಫ್ ಮ್ಯಾನ್' ಕೂಡ ತೋಳದ ಥರ ಇಲ್ಲ. ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್ ಯಾಕ್ ಪ್ರಾಣಿಯ ಕೂದಲನ್ನು ನಟ ಲಾನ್ ಚೇನಿ ಜೂನಿಯರ್ ಮುಖಕ್ಕೆ ಅಂಟಿಸಿ, ರಬ್ಬರಿನ ಮೂಗು ಇಟ್ಟು ಮಾಡಿದ ರೂಪ ಅದು. ಎರಡು ಕಾಲಲ್ಲಿ ನಡೆಯುತ್ತಾನೆ, ಅಂಗಿ ಹಾಕಿಕೊಂಡಿರುತ್ತಾನೆ. ಕಾಡಿನ ತೋಳಕ್ಕೂ ಅವನಿಗೂ ಸಂಬಂಧವೇ ಇಲ್ಲ. ಆದರೂ ಯಾರೂ "ತೋಳ ಎಲ್ಲಿ" ಅಂತ ಕೇಳುವುದಿಲ್ಲ. ಹಾಗಾಗಿ ಹೋಲಿಕೆಯ ದೂರು ನನಗೆ ಬೇರೆ ಯಾವುದೋ ದೂರಿನ ಮುಖವಾಡ ಅನ್ನಿಸತೊಡಗಿತು.

ಮುಖ ಬದಲಾಗುವುದು ಒಂದೇ ಸಲ

1941ರ ಚಿತ್ರವನ್ನು ಮತ್ತೆ ನೋಡಿದಾಗ ಒಂದು ವಿಷಯ ಗಮನಕ್ಕೆ ಬಂತು. ಅದರ ನಾಯಕ ಲ್ಯಾರಿ ಟಾಲ್ಬಟ್ ಮೊದಲ ಸಲ ತೋಳವಾಗುವಾಗ ಚಿತ್ರ ಅವನ ಮುಖವನ್ನೇ ತೋರಿಸುವುದಿಲ್ಲ. ಕುರ್ಚಿಯಲ್ಲಿ ಕೂತು ಬೂಟು, ಕಾಲುಚೀಲ ಬಿಚ್ಚುತ್ತಾನೆ. ಕ್ಯಾಮೆರಾ ಕಾಲಿನ ಮೇಲೆ ನಿಂತಿದೆ. ಅಲ್ಲಿ ಕೂದಲು ಬೆಳೆಯುತ್ತದೆ, ಪಾದ ಪಂಜವಾಗುತ್ತದೆ, ಎದ್ದು ನಡೆಯುತ್ತದೆ. ಅಷ್ಟೇ. ಮುಖ ಬದಲಾಗುವುದನ್ನು ನಾವು ಕಾಣುವುದು ಇಡೀ ಚಿತ್ರದಲ್ಲಿ ಒಂದೇ ಸಲ, ಕೊನೆಯಲ್ಲಿ. ಅದೂ ಉಲ್ಟಾ. ಬೆಳ್ಳಿ ಹಿಡಿಯ ಕೋಲಿನಿಂದ ಹೊಡೆಸಿಕೊಂಡು ಸತ್ತು ಬಿದ್ದ ತೋಳದ ಮುಖ ನಿಧಾನವಾಗಿ ಲ್ಯಾರಿಯ ಮುಖವಾಗುತ್ತದೆ. ಹೊಡೆದದ್ದು ಅವನ ಅಪ್ಪ. ಕೋಲು ಕೈಯಲ್ಲೇ ಹಿಡಿದು ನಿಂತು ತಾನು ಯಾರನ್ನು ಕೊಂದೆ ಅಂತ ಆ ಮುದುಕ ನೋಡುತ್ತಾನೆ. ಆ ಚಿತ್ರ ತನ್ನ ಅತಿ ದೊಡ್ಡ ತಂತ್ರವನ್ನು ಎತ್ತಿಟ್ಟುಕೊಂಡದ್ದು ಮನುಷ್ಯ ತೋಳವಾಗುವುದಕ್ಕಲ್ಲ, ತೋಳ ಮನುಷ್ಯನಾಗುವುದಕ್ಕೆ.

ನಡುವೆ ಒಂದು ಬೆಳಗೂ ಇದೆ. ಲ್ಯಾರಿ ಎಚ್ಚರವಾಗುತ್ತಾನೆ. ಕಿಟಕಿಯಿಂದ ಒಳಕ್ಕೆ ಬಂದ ಪ್ರಾಣಿಯ ಹೆಜ್ಜೆಗುರುತು ಕಾಣುತ್ತದೆ. ಮೊದಲು ಅರ್ಥವಾಗುವುದಿಲ್ಲ. ಆಮೇಲೆ ಅರ್ಥವಾಗುತ್ತದೆ. ಅವುಗಳನ್ನು ಗಾಬರಿಯಲ್ಲಿ ಒರೆಸಿ ಹಾಕುತ್ತಾನೆ. ನನಗೆ ಈ ಚಿತ್ರದಲ್ಲಿ ನಿಜವಾಗಿ ಹೆದರಿಕೆ ಆದದ್ದು ಇಲ್ಲೇ. ಹಗಲು ಬೆಳಕು, ತನ್ನದೇ ಕೋಣೆ, ತನ್ನದೇ ಕಾಲು. ಮುಂದೆ ಇನ್ನೂ ಕಠೋರವಾದ ಒಂದು ವಿಚಾರವಿದೆ. ತೋಳಕ್ಕೆ ಬಲಿಯಾಗುವವರ ಅಂಗೈಯಲ್ಲಿ ನಕ್ಷತ್ರದ ಗುರುತು ಕಾಣುತ್ತದೆ ಅನ್ನುವುದು ಆ ಚಿತ್ರದ ನಿಯಮ. ತಾನು ಪ್ರೀತಿಸಿದ ಹುಡುಗಿಯ ಅಂಗೈಯಲ್ಲೇ ಲ್ಯಾರಿಗೆ ಅದು ಕಾಣುತ್ತದೆ. ಕಥೆ ಬರೆದ ಕರ್ಟ್ ಸಿಯೋಡ್ಮಾಕ್ ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಬಂದ ಯಹೂದಿ. ನಾಜಿಗಳು ಯಹೂದಿಗಳಿಗೆ ತೊಡಿಸಿದ ನಕ್ಷತ್ರದ ಗುರುತು ಇಲ್ಲಿ ನೆನಪಾಗದೆ ಇರುವುದಿಲ್ಲ. ಕೊನೆಯ ರಾತ್ರಿ ಲ್ಯಾರಿ ತಾನೇ ಅಪ್ಪನಿಗೆ ಒತ್ತಾಯ ಮಾಡಿ ಆ ಬೆಳ್ಳಿ ಕೋಲನ್ನು ಕೊಡುತ್ತಾನೆ. ತನ್ನನ್ನು ಕೊಲ್ಲಬಲ್ಲ ವಸ್ತು ಅದು ಅಂತ ಗೊತ್ತಿದ್ದೂ ಕೊಡುತ್ತಾನೆ. ಹಗಲಿನ ಮನುಷ್ಯ ರಾತ್ರಿಯ ಪ್ರಾಣಿಗೆ ವ್ಯವಸ್ಥೆ ಮಾಡಿ ಹೋಗುವುದು ಅದು. ಹೆದರಿಕೆಯೂ ಕರುಣೆಯೂ ಒಂದೇ ಕೈಯಲ್ಲಿ.

1981ರ ಚಿತ್ರಕ್ಕೂ ಇದೇ ಬೆನ್ನೆಲುಬು. ರೂಪಾಂತರದ ದೃಶ್ಯವನ್ನೇ ಎಲ್ಲರೂ ನೆನೆಯುತ್ತಾರೆ. ನನಗೆ ಅದರ ಮರುದಿನ ಮುಖ್ಯ. ಡೇವಿಡ್ ಎಚ್ಚರವಾಗುವುದು ಲಂಡನ್ನಿನ ಪ್ರಾಣಿ ಸಂಗ್ರಹಾಲಯದಲ್ಲಿ, ತೋಳಗಳ ಬೋನಿನೊಳಗೆ, ಬೆತ್ತಲೆಯಾಗಿ. ಹೇಗೋ ತಪ್ಪಿಸಿಕೊಂಡು ಮನೆ ಸೇರುತ್ತಾನೆ. ರಾತ್ರಿಯದು ಒಂದೂ ನೆನಪಿಲ್ಲ, ಮೈಯಲ್ಲಿ ಹೊಸ ಹುರುಪು ಬೇರೆ. ಆಮೇಲೆ ಟ್ಯಾಕ್ಸಿ ಡ್ರೈವರ್ ಬಾಯಲ್ಲಿ ರಾತ್ರಿ ನಡೆದ ಕೊಲೆಗಳ ಸುದ್ದಿ ಕೇಳುತ್ತಾನೆ. ಅವನು ಓಡಿಹೋಗುವುದಿಲ್ಲ. ಪೊಲೀಸನ ಹತ್ತಿರ ಹೋಗಿ ನನ್ನನ್ನು ಅರೆಸ್ಟ್ ಮಾಡಿ ಅಂತ ಗೋಗರೆಯುತ್ತಾನೆ. ಪೊಲೀಸ್ ನಂಬದಿದ್ದಾಗ, ಹೇಗಾದರೂ ಹಿಡಿದುಕೊಂಡು ಹೋಗಲಿ ಅಂತ ನಡುಬೀದಿಯಲ್ಲಿ ರಾಣಿಯನ್ನು ಬೈಯುತ್ತಾನೆ. ಯಾರೂ ಹಿಡಿಯುವುದಿಲ್ಲ. ಕೊನೆಗೆ ಟೆಲಿಫೋನ್ ಬೂತ್ ಹೊಕ್ಕು ಅಮೆರಿಕದ ಮನೆಗೆ ಫೋನ್ ಮಾಡುತ್ತಾನೆ. ಅಪ್ಪ ಅಮ್ಮ ಇಲ್ಲ. ಫೋನ್ ಎತ್ತಿದ್ದು ಪುಟ್ಟ ತಂಗಿ. ಎಲ್ಲರ ಮೇಲೂ ನನಗೆ ಪ್ರೀತಿ ಇದೆ ಅಂತ ಹೇಳು ಅನ್ನುತ್ತಾನೆ. ಆ ಕಡೆಯ ಹುಡುಗಿಗೆ ಇದೆಲ್ಲ ಯಾಕೆ ಅಂತ ಗೊತ್ತಿಲ್ಲ. ಫೋನ್ ಇಟ್ಟ ಮೇಲೆ ಮಣಿಕಟ್ಟಿಗೆ ಚಾಕು ಹಿಡಿಯುತ್ತಾನೆ, ಆದರೆ ಕೊಯ್ದುಕೊಳ್ಳಲು ಆಗುವುದಿಲ್ಲ.

ಬಂದಾಗ ಈ ಚಿತ್ರದ ಬಗ್ಗೆಯೂ ಅಭಿಪ್ರಾಯ ಒಂದೇ ಇರಲಿಲ್ಲ. ನಗಿಸುವುದೋ ಹೆದರಿಸುವುದೋ ತೀರ್ಮಾನವಾಗಿಲ್ಲ ಅಂತ ತಕರಾರು ಇತ್ತು. ವಿಮರ್ಶಕ ರಾಜರ್ ಈಬರ್ಟ್ ನಾಲ್ಕಕ್ಕೆ ಎರಡೇ ನಕ್ಷತ್ರ ಕೊಟ್ಟು, ಚಿತ್ರ ಅರ್ಧಕ್ಕೇ ಬಿಟ್ಟ ಹಾಗಿದೆ ಅಂದರು. ಅದು ತೀರಾ ತಪ್ಪು ಮಾತೇನಲ್ಲ, ಕೊನೆ ನಿಜಕ್ಕೂ ದಿಢೀರ್ ಅಂತ ಬರುತ್ತದೆ. ಆದರೂ ಚಿತ್ರ ಉಳಿದುಕೊಂಡಿತು. ಬರೀ ಮೇಕಪ್‌ನಿಂದ ಉಳಿಯಿತು ಅಂತ ನಾನು ಒಪ್ಪುವುದಿಲ್ಲ. ಆ ಟೆಲಿಫೋನ್ ಬೂತ್ ಇಲ್ಲದಿದ್ದರೆ ಅದು ಬರೀ ಒಳ್ಳೆಯ ಮೇಕಪ್ ಆಗಿ ಉಳಿಯುತ್ತಿತ್ತು.

ದೊಡ್ಡಪ್ಪ ಮತ್ತು ಚಿಲಕ

ಬೆಳಗಿನ ವಿಷಯಕ್ಕೆ ನಾನು ಇಷ್ಟು ಅಂಟಿಕೊಳ್ಳಲು ಒಂದು ಕಾರಣ ಇದೆ. ಚಿಕ್ಕವರಿದ್ದಾಗ ರಜೆಯಲ್ಲಿ ನಾನೂ ಅಕ್ಕನೂ ದೊಡ್ಡಪ್ಪನ ಮನೆಯಲ್ಲಿ ಇರುತ್ತಿದ್ದೆವು. ಹಗಲಲ್ಲಿ ಅವರಷ್ಟು ಮೆತ್ತಗಿನ ಮನುಷ್ಯ ಇನ್ನೊಬ್ಬರಿಲ್ಲ. ನಮ್ಮ ಪೆನ್ಸಿಲ್ ಕೆತ್ತಿಕೊಡುತ್ತಿದ್ದರು, ಪುಸ್ತಕಕ್ಕೆ ಬೈಂಡ್ ಹಾಕಿಕೊಡುತ್ತಿದ್ದರು. ಕುಡಿದು ಬಂದ ರಾತ್ರಿ ಬೇರೆಯೇ. ಗೇಟು ತೆಗೆಯುವ ಸದ್ದಿನಲ್ಲೇ ದೊಡ್ಡಮ್ಮನಿಗೆ ಗೊತ್ತಾಗುತ್ತಿತ್ತು. ನಮ್ಮನ್ನು ಒಳಗಿನ ಕೋಣೆಗೆ ಕಳಿಸಿ ಚಿಲಕ ಹಾಕಿಕೊಳ್ಳಿ ಅನ್ನುತ್ತಿದ್ದರು. ಒಂದು ರಾತ್ರಿ ಅವರು ಆ ಬಾಗಿಲನ್ನು ಒದ್ದರು. ಯಾಕೆ ಅಂತ ಈಗಲೂ ಗೊತ್ತಿಲ್ಲ, ನಮ್ಮ ಮೇಲೆ ಅವರಿಗೆ ಯಾವ ಸಿಟ್ಟೂ ಇರಲಿಲ್ಲ. ಚಿಲಕ ಕಿತ್ತು ಬಂತು. ಹೊಸ್ತಿಲಲ್ಲಿ ನಿಂತು ನಮ್ಮನ್ನು ನೋಡಿದರು. ನಾವು ಯಾರು ಅಂತ ಗುರುತು ಸಿಗದವರ ಹಾಗೆ ನೋಡಿದರು. ಆಮೇಲೆ ತಿರುಗಿ ಹೋದರು.

ಆ ರಾತ್ರಿಯ ಹೆದರಿಕೆ ಈಗ ಮಸುಕಾಗಿದೆ. ಮರುದಿನದ್ದು ಮಾತ್ರ ಇಂಚಿಂಚೂ ನೆನಪಿದೆ. ನಾವು ಏಳುವ ಹೊತ್ತಿಗೆ ದೊಡ್ಡಪ್ಪ ಆ ಬಾಗಿಲ ಮುಂದೆ ಕೂತು ಚಿಲಕ ಸರಿಮಾಡುತ್ತಿದ್ದರು. ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡಿದ್ದರು. ಹಳೆಯ ಸ್ಕ್ರೂ ತೂತು ದೊಡ್ಡದಾಗಿ ಹಿಡಿಯುತ್ತಿರಲಿಲ್ಲ. ಬೆಂಕಿಕಡ್ಡಿ ಮುರಿದು ತೂತಿಗೆ ತುರುಕಿ, ಅದರ ಮೇಲೆ ಸ್ಕ್ರೂ ಕೂರಿಸಿ ತಿರುಗಿಸುತ್ತಿದ್ದರು. ನಮ್ಮ ಕಡೆ ನೋಡಲಿಲ್ಲ. "ಅಲ್ಲಾಡತ್ತಾ ನೋಡಮ್ಮ" ಅಂತ ಅಕ್ಕನಿಗೆ ಹೇಳಿದರು. ಅಕ್ಕ ಹೋಗಿ ಚಿಲಕ ಹಿಡಿದು ಅಲ್ಲಾಡಿಸಿದಳು. "ಇಲ್ಲ ದೊಡ್ಡಪ್ಪ, ಗಟ್ಟಿಯಿದೆ" ಅಂದಳು. ಅವರು ಇನ್ನೊಂದು ಸುತ್ತು ತಿರುಗಿಸಿದರು. ನಮ್ಮನ್ನು ತಮ್ಮಿಂದಲೇ ಕಾಪಾಡುವ ಚಿಲಕವನ್ನು ಅವರೇ ಕೂತು ಗಟ್ಟಿಮಾಡುತ್ತಿದ್ದರು. ಲ್ಯಾರಿ ಟಾಲ್ಬಟ್ ಅಪ್ಪನ ಕೈಗೆ ಕೋಲು ಕೊಡುವಾಗ ನನಗೆ ಕಾಣುವುದು ಆ ಬಾಗಿಲು.

ಸಿನಿಮಾದವರು ಕಂಡುಹಿಡಿಯುವ ಮೊದಲೇ ಈ ಕಥೆಯಲ್ಲಿ ವಾಪಸ್ ಬರುವ ದಾರಿ ಇತ್ತು. 12ನೇ ಶತಮಾನದಲ್ಲಿ ಮರೀ ದ ಫ್ರಾನ್ಸ್ ಅನ್ನುವ ಕವಯಿತ್ರಿ ಬರೆದ ಒಂದು ಕಥನಕವನದಲ್ಲಿ ಒಬ್ಬ ಸರದಾರ ವಾರಕ್ಕೆ ಮೂರು ದಿನ ತೋಳವಾಗಿರುತ್ತಾನೆ. ಬಿಚ್ಚಿಟ್ಟ ಬಟ್ಟೆ ಸಿಕ್ಕಿದರೆ ಮತ್ತೆ ಮನುಷ್ಯ. ಹೆಂಡತಿ ಆ ಬಟ್ಟೆಯನ್ನೇ ಕದಿಸಿಬಿಡುತ್ತಾಳೆ. ಅಲ್ಲಿ ತೋಳವಾಗುವುದು ದುರಂತವಲ್ಲ, ವಾಪಸ್ ಬರಲಾಗದಿರುವುದು ದುರಂತ. ಹುಣ್ಣಿಮೆಗೆ ಇಂದಿನ ಜಾಗ ಕೊಟ್ಟದ್ದು ಬಹುಪಾಲು ಸಿನಿಮಾ. 1941ರ ಚಿತ್ರದಲ್ಲಿ ತೋಳವಾಗುವ ಮನುಷ್ಯನ ಬಗ್ಗೆ ಪಾತ್ರಗಳು ಹೇಳುವ ಒಂದು ಪದ್ಯ ಇದೆ, ಅದರಲ್ಲಿ ಬರುವುದು ಶರತ್ಕಾಲದ ಚಂದ್ರ. 1943ರ ಮುಂದಿನ ಭಾಗದಲ್ಲಿ ಅದನ್ನೇ ಪೂರ್ಣಚಂದ್ರ ಅಂತ ತಿದ್ದಿದರು. ಆ ಪದ್ಯ ಹಳೆಯ ಜಾನಪದ ಅಂತ ಎಷ್ಟೋ ಜನ ನಂಬಿದ್ದರು, ಅದು ಸಿಯೋಡ್ಮಾಕ್ ತಾವೇ ಕಟ್ಟಿದ್ದು. ಹೀಗಿರುವಾಗ "ಹುಣ್ಣಿಮೆ ಇಲ್ಲದ ವೇರ್‌ವುಲ್ಫಾ?" ಅಂತ ಸಿಟ್ಟಾಗುವವರಿಗೆ ಅದು ಹಳೆಯ ನಿಯಮವೇ ಅಲ್ಲ ಅಂತ ಹೇಳಿಬಿಡಬಹುದು. ಆದರೆ ಅವರ ಸಿಟ್ಟಿನಲ್ಲಿ ಒಂದು ಸತ್ಯ ಇದೆ. ಹುಣ್ಣಿಮೆ ಇದ್ದರೆ ಹುಣ್ಣಿಮೆ ಮುಗಿಯುತ್ತದೆ. ಅದು ಬರುವ ತಾರೀಖಿನ ಜೊತೆ ಹೋಗುವ ತಾರೀಖನ್ನೂ ಹೇಳುತ್ತದೆ. ಹುಣ್ಣಿಮೆ ತೆಗೆದರೆ ಬೆಳಗೂ ಹೋಗುತ್ತದೆ.

ಒಂದೇ ರಾತ್ರಿ

2025ರ ಚಿತ್ರದಲ್ಲಿ ಆಗುವುದು ಅದೇ. ಬ್ಲೇಕ್, ಅವನ ಹೆಂಡತಿ ಶಾರ್ಲಟ್, ಮಗಳು ಜಿಂಜರ್ ಆರೆಗನ್ ಕಾಡಿನ ಹಳೆಯ ಮನೆಗೆ ಬರುತ್ತಾರೆ. ದಾರಿಯಲ್ಲಿ ಯಾವುದೋ ಪ್ರಾಣಿ ಬ್ಲೇಕ್‌ನ ತೋಳು ಗೀರುತ್ತದೆ. ಮುಂದಿನದೆಲ್ಲ ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ. ಅವನು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾನೆ. ವಾಪಸ್ ಹತ್ತುವುದೇ ಇಲ್ಲ.

ಈ ಚಿತ್ರದ ಒಳ್ಳೆಯದನ್ನು ಹೇಳದೆ ಮುಂದೆ ಹೋದರೆ ಅನ್ಯಾಯ. ಒಂದು ಕಡೆ ಬ್ಲೇಕ್‌ಗೆ ದಬ್ ದಬ್ ಅಂತ ಭಾರವಾದ ಸದ್ದು ಕೇಳುತ್ತದೆ. ಮನೆಯೊಳಗೆ ಯಾರೋ ಬಂದಿದ್ದಾರೆ ಅಂತ ಹುಡುಕುತ್ತಾ ಹೋಗುತ್ತಾನೆ. ನೋಡಿದರೆ ಗೋಡೆಯ ಮೇಲೆ ಒಂದು ಜೇಡ ನಡೆಯುತ್ತಿದೆ. ಆ ಸದ್ದು ಅದರ ಹೆಜ್ಜೆಯದು! ತೋಳದ ಕಿವಿ ಬಂದಿದೆ ಅಂತ ಇದಕ್ಕಿಂತ ಚೆನ್ನಾಗಿ ಹೇಗೆ ಹೇಳುವುದು? ಇನ್ನೊಂದು ಕಡೆ ಶಾರ್ಲಟ್ ಅವನ ಮುಂದೆ ಕೂತು ಮಾತಾಡುತ್ತಿದ್ದಾಳೆ. ಕ್ಯಾಮೆರಾ ನಿಧಾನವಾಗಿ ಅವಳ ಕಡೆಯಿಂದ ಅವನ ಕಡೆಗೆ ಸರಿಯುತ್ತದೆ. ಸರಿದ ಹಾಗೆ ಬೆಳಕಿನ ಬಣ್ಣ ಬದಲಾಗುತ್ತದೆ, ಅವಳ ಕಣ್ಣು ಹೊಳೆಯುತ್ತದೆ, ಅವಳ ಮಾತು ಅರ್ಥವಿಲ್ಲದ ಸದ್ದಾಗುತ್ತದೆ. ಮತ್ತೆ ಅವಳ ಕಡೆ ಬಂದರೆ ಎಲ್ಲ ಮೊದಲಿನಂತೆ. ಒಂದೇ ಕೋಣೆಯಲ್ಲಿ ಇಬ್ಬರು, ಇಬ್ಬರಿಗೂ ಬೇರೆ ಬೇರೆ ಲೋಕ. ಚಿತ್ರ ಹಿಡಿಸದವರೂ ಈ ದೃಶ್ಯ ಚೆನ್ನಾಗಿತ್ತು ಅಂತ ಒಪ್ಪುತ್ತಾರೆ. ಬ್ಲೇಕ್ ಪಾತ್ರ ಮಾಡಿದ ಕ್ರಿಸ್ಟೋಫರ್ ಅಬಟ್ ಬರೀ ಕಣ್ಣಲ್ಲೇ ಅಷ್ಟನ್ನೂ ಮಾಡುತ್ತಾರೆ.

ಆದರೆ ಅದಾದ ಮೇಲೆ ಅವನ ಕಡೆಯಿಂದ ನಮಗೆ ಸಿಗುವುದು ಕಮ್ಮಿ. ಅವನು ಏನು ಮಾಡಿದ ಅಂತ ಅವನಿಗೇ ತಿಳಿಯುವ ಒಂದು ಗಳಿಗೆ ಬರುವುದಿಲ್ಲ. ಹೆಜ್ಜೆಗುರುತು ಒರೆಸುವ ಲ್ಯಾರಿ ಇಲ್ಲ, ಬೂತ್‌ನಲ್ಲಿ ನಿಂತ ಡೇವಿಡ್ ಇಲ್ಲ. ಕೊನೆಯಲ್ಲಿ ಬೆಳಕು ಬರುತ್ತದೆ, ನಿಜ. ಅದು ಹೆಂಡತಿಗೂ ಮಗಳಿಗೂ ಬರುತ್ತದೆ. ಅವನು ಆಗಲೇ ಗುಂಡು ತಿಂದು ಸತ್ತಿರುತ್ತಾನೆ. "ಕತ್ತಲು ಜಾಸ್ತಿ" ಅಂದವರ ಮಾತು ನನಗೆ ಈಗ ಬೇರೆ ರೀತಿ ಕೇಳಿಸುತ್ತದೆ. ಅವರು ದೂರಿದ್ದು ದೀಪದ ಬಗ್ಗೆ. ಆದರೆ ಇಡೀ ಕಥೆಯಲ್ಲಿ ಆ ಮನುಷ್ಯನಿಗೆ ಒಂದು ಹಗಲನ್ನೂ ಕೊಡದಿದ್ದರೆ, ಎಷ್ಟು ದೀಪ ಹಚ್ಚಿದರೂ ಕತ್ತಲೇ ಅಲ್ವಾ? "ಏನೋ ಮಿಸ್ಸಿಂಗ್" ಅಂದವರಿಗೂ ಸಿಗದೆ ಹೋದದ್ದು ಇದೇ ಇರಬೇಕು. ತೋಳವನ್ನು ಅವರು ಕಂಡಿದ್ದಾರೆ. ವಾಪಸ್ ಬಂದ ಮನುಷ್ಯನನ್ನು ಕಾಣಲಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ಒಂದು ಚಿತ್ರ ಇದೆ, ಅದನ್ನು ಬಿಟ್ಟು ವಾದ ಮಾಡಿದರೆ ಸರಿಯಲ್ಲ. ಕೆನಡಾದ 'ಜಿಂಜರ್ ಸ್ನ್ಯಾಪ್ಸ್', 2000ದ್ದು. ಅಲ್ಲೂ ಜಿಂಜರ್ ಅನ್ನುವ ಹುಡುಗಿ ಒಮ್ಮೆ ಕಚ್ಚಿಸಿಕೊಂಡ ಮೇಲೆ ವಾಪಸ್ ಬರುವುದಿಲ್ಲ, ಸ್ವಲ್ಪ ಸ್ವಲ್ಪವೇ ಪ್ರಾಣಿಯಾಗುತ್ತಾ ಹೋಗುತ್ತಾಳೆ. ಕೊನೆಯ ತೋಳದ ಬೊಂಬೆ ಅಷ್ಟೇನೂ ಚೆನ್ನಾಗಿಲ್ಲ ಅಂತ ಅದನ್ನು ಪ್ರೀತಿಸುವವರೇ ಹೇಳುತ್ತಾರೆ. ಆದರೂ ಆ ಚಿತ್ರವನ್ನು ಎದೆಗೆ ಅಪ್ಪಿಕೊಂಡವರು ಎಷ್ಟೋ ಜನ. ಯಾಕೆ? ಆ ಕಥೆ ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಯವರೆಗೆ ಹರಡಿಕೊಂಡಿದೆ. ನಡುವೆ ಶಾಲೆ ಇದೆ, ಮನೆ ಇದೆ, ಇಬ್ಬರು ಅಕ್ಕತಂಗಿಯರ ಕೋಣೆ ಇದೆ. ಜಿಂಜರ್ ಪ್ರತಿದಿನ ತನ್ನನ್ನು ತಾನೇ ನೋಡಿಕೊಳ್ಳುತ್ತಾಳೆ. ಹೆದರುತ್ತಾಳೆ, ಆಮೇಲೆ ಖುಷಿಪಡುತ್ತಾಳೆ, ಆಮೇಲೆ ಆ ಖುಷಿಗೇ ಹೆದರುತ್ತಾಳೆ. ತಂಗಿ ಬ್ರಿಜಿಟ್ ಅದನ್ನೆಲ್ಲ ಪಕ್ಕದಲ್ಲೇ ಇದ್ದು ನೋಡುತ್ತಾಳೆ. ವಾಪಸ್ ಬರುವುದು ಇಲ್ಲದಿದ್ದರೂ ಹಗಲು ಇದೆ. ಹಾಗಾಗಿ ನನ್ನ ಮಾತನ್ನು ಸ್ವಲ್ಪ ತಿದ್ದಿ ಹೇಳಬೇಕು. ತೋಳ ಮತ್ತೆ ಮನುಷ್ಯನಾಗಲೇಬೇಕು ಅಂತಿಲ್ಲ. ಒಳಗಿನ ಮನುಷ್ಯ ಒಂದು ಸಲವಾದರೂ ಬೆಳಕಲ್ಲಿ ನಿಂತು ತನ್ನ ಕೈ ತಾನು ನೋಡಿಕೊಳ್ಳಬೇಕು.

ಬರೀ ತೋಳ ಬೇಕು ಅನ್ನುವವರಿಗೆ 2002ರ 'ಡಾಗ್ ಸೋಲ್ಜರ್ಸ್' ಇದೆ. ಎತ್ತರದ ತೋಳಗಳು, ಮುತ್ತಿಗೆ ಬಿದ್ದ ಸೈನಿಕರು, ಗುಂಡಿನ ಸುರಿಮಳೆ. ಅದು ದುಃಖದ ಭರವಸೆಯನ್ನೇ ಕೊಡುವುದಿಲ್ಲ, ಹಾಗಾಗಿ ಯಾರಿಗೂ ಮೋಸವಿಲ್ಲ.

ಅಕ್ಕನ ತಕರಾರು

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ಒಪ್ಪಲಿಲ್ಲ. "ನೀನು ದೊಡ್ಡಪ್ಪನನ್ನು ಇಟ್ಟುಕೊಂಡು ನೋಡ್ತಿದ್ದೀಯ. ನಾನು ನಮ್ಮ ವಾರ್ಡಿನವರನ್ನು ಇಟ್ಟುಕೊಂಡು ನೋಡಿದೆ" ಅಂದಳು. ಅವಳ ವಾರ್ಡಿನಲ್ಲಿ ಮಾತು ಹೋದವರಿರುತ್ತಾರೆ. ಎದುರಿಗೆ ಕೂತ ಹೆಂಡತಿಯ ಮಾತು ಅವರಿಗೆ ಬರೀ ಸದ್ದು. ನರಗಳ ಕಾಯಿಲೆ ದಿನೇದಿನೇ ಒಂದೊಂದನ್ನೇ ಕಿತ್ತುಕೊಳ್ಳುತ್ತದೆ, ಒಂದು ದಿನ ಕೈ, ಇನ್ನೊಂದು ದಿನ ನಾಲಗೆ. "ಅವರ ಮನೆಯವರು ಪ್ರತಿದಿನ ಬೆಳಗ್ಗೆ ಬಂದು ಇವತ್ತಾದರೂ ಗುರುತು ಹಿಡೀತಾರಾ ಅಂತ ಕೇಳ್ತಾರೆ. ಹಿಡಿಯಲ್ಲ. ಆ ಸಿನಿಮಾ ಅದನ್ನ ಸುಳ್ಳು ಹೇಳದೆ ತೋರಿಸಿದೆ. ನಿಂಗೆ ಬೇಕಾದ ಬೆಳಗು ಅಲ್ಲಿ ಹಾಕಿದ್ರೆ ಅದು ಸುಳ್ಳಾಗ್ತಿತ್ತು."

ಅವಳ ಮಾತಿಗೆ ತೂಕ ಇದೆ. ಕುಡಿತ ಇಳಿಯುತ್ತದೆ, ಆ ಥರದ ಕಾಯಿಲೆ ಇಳಿಯುವುದಿಲ್ಲ. ಹಾಗೆ ನೋಡಿದರೆ ಬ್ಲೇಕ್‌ಗೆ ಬೆಳಗು ಇಲ್ಲದಿರುವುದು ಚಿತ್ರದ ಕೊರತೆಯಲ್ಲ, ಅದರ ಉದ್ದೇಶವೇ. ಜೇಡದ ದೃಶ್ಯ, ಮಾತು ಸದ್ದಾಗುವ ದೃಶ್ಯ ಎಲ್ಲವೂ ಅದಕ್ಕೆ ಸರಿಯಾಗಿ ಕೂರುತ್ತವೆ. ನಾನು ಅವಳಿಗೆ ಹೇಳಿದ್ದು ಇಷ್ಟು: ಕಾಯಿಲೆಯ ಕಥೆ ಹೇಳುವುದಾದರೆ ಅದಕ್ಕೆ ಒಂದೇ ರಾತ್ರಿ ಸಾಲುವುದಿಲ್ಲ. ನಿನ್ನ ವಾರ್ಡಿನವರಿಗೆ ತಿಂಗಳುಗಳಿವೆ. ಮೊದಲ ಸಲ ಹೆಸರು ಮರೆತ ದಿನ ಇದೆ, ಅದನ್ನು ಮುಚ್ಚಿಟ್ಟ ದಿನ ಇದೆ, ಹೆಂಡತಿಗೆ ಹೇಳಿ ಅತ್ತ ದಿನ ಇದೆ. ಆ ದಿನಗಳಲ್ಲಿ ಅವರಿಗೆ ಎಲ್ಲ ಗೊತ್ತಿರುತ್ತದೆ. ಬ್ಲೇಕ್‌ಗೆ ಅಂಥ ಒಂದು ದಿನ ಕೊಡಬಹುದಿತ್ತು. ಕೊನೆಗೆ ಅವನನ್ನು ಕೊಂದದ್ದು ಒಂದು ಬಂದೂಕು. ಮಾತು ಹೋಗುವ ಮೊದಲು, ಲ್ಯಾರಿ ಕೋಲು ಕೊಟ್ಟ ಹಾಗೆ, ಅದನ್ನು ಅವನೇ ಹೆಂಡತಿಯ ಕೈಗೆ ಕೊಟ್ಟಿದ್ದರೆ ಸಾಕಿತ್ತು.

"ಆಗ ನೀನೂ ಅಳ್ತಿದ್ದೆ" ಅಂದಳು ಅಕ್ಕ.

ಹೌದು, ಅಳುತ್ತಿದ್ದೆ. ಹಿಂದಿನ ಸಾಲಿನವರು ಕೂಡ ತೋಳ ಎಲ್ಲಿ ಅಂತ ಕೇಳುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಅಕ್ಕ ಇದನ್ನು ಇನ್ನೂ ಒಪ್ಪಿಲ್ಲ. 'ಜಿಂಜರ್ ಸ್ನ್ಯಾಪ್ಸ್' ಅವಳು ನೋಡಿಲ್ಲ. ಈ ವಾರ ಅವಳಿಗೆ ನೈಟ್ ಡ್ಯೂಟಿ ಇಲ್ಲ, ಇಬ್ಬರೂ ಕೂತು ನೋಡುತ್ತೇವೆ.